ಹೂ ತುಂಬಾ ಇದೆ, ಕಾಯಿ ಕಚ್ಚುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಬಳ್ಳಿ ಚೆನ್ನಾಗಿ ಹಬ್ಬಿದೆ. ಹೂ ಕಣ್ತುಂಬ ಬಿಟ್ಟಿದೆ. ಹೆಣ್ಣು ಹೂವಿನ ಹಿಂದೆ ಗೋಲಿಯಷ್ಟು ಹೀಚೂ ಕಾಣುತ್ತದೆ. ಮೂರು ದಿನ ಕಳೆದರೆ ಆ ಹೀಚು ಹಳದಿಯಾಗಿ, ಸುಕ್ಕುಗಟ್ಟಿ, ಮುಟ್ಟಿದರೆ ಕೈಗೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಕಾಯಿ ನಿಂತರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊಟ್ಟ.

ಇದನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಜೇನು ಕಡಿಮೆಯಾಗಿದೆ, ಒಂದು ಪೆಟ್ಟಿಗೆ ತಂದಿಡಿ." ನಾನೂ ಹಾಗೇ ಮಾಡಿದ್ದೆ. ಪೆಟ್ಟಿಗೆ ಬಂತು. ಜೇನುಗಳು ಹೊರಟವು, ನನ್ನ ಕುಂಬಳದ ಬಳ್ಳಿಯ ಮೇಲಿಂದಲೇ ಹಾರಿದವು, ಆಚೆ ಮೈತುಂಬ ಹೂ ಬಿಟ್ಟಿದ್ದ ದೊಡ್ಡ ಮರಕ್ಕೆ ಹೋಗಿ ಕೂತವು. ಅವುಗಳದ್ದೇನೂ ತಪ್ಪಿಲ್ಲ. ಗಾಡಿಯಲ್ಲಿ ಏನು ಕೆಟ್ಟಿದೆ ಅಂತ ನೋಡದೆ ಬಿಡಿಭಾಗ ಬದಲಿಸಿದ್ದು ನಾನು.

ಹೊಲವಾದರೂ ಸರಿ, ತಾರಸಿ ಮೇಲಿನ ಕುಂಡವಾದರೂ ಸರಿ, ಹುಡುಕುವ ಕ್ರಮ ಒಂದೇ. ಮೊದಲು ಗಿಡ, ಆಮೇಲೆ ಹೂವಿಗೆ ಬರುವವರು, ಕೊನೆಗೆ ಅವರ ಮನೆ. ಬಹಳ ಜನ ಎರಡನೆಯದರಲ್ಲೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಜಾಸ್ತಿ ಸಲ ಗಂಟು ಸಿಕ್ಕಿರುವುದು ಮೂರನೆಯದರಲ್ಲಿ.

ಮೊದಲು ಗಿಡದ ಮೇಲೆ ಅನುಮಾನ ಪಡಿ

ಕುಂಬಳ, ಸೌತೆಯಂಥ ಬಳ್ಳಿಗಳಲ್ಲಿ ಶುರುವಿನ ಒಂದು ವಾರ, ಹತ್ತು ದಿನ ಹೆಚ್ಚಾಗಿ ಗಂಡು ಹೂಗಳೇ ಬರುತ್ತವೆ. ಹೂವಿನ ಹಿಂದೆ ಹೀಚು ಇಲ್ಲ, ಬರೀ ಸಣ್ಣ ತೊಟ್ಟು ಇದೆ ಅಂದರೆ ಅದು ಗಂಡು. ಅದು ಉದುರಲೇಬೇಕು. ಇದು ದೋಷವಲ್ಲ, ಕಾಯಿರಿ ಅಷ್ಟೆ.

ಬದನೆಯಲ್ಲಿ ಇನ್ನೊಂದು ಗುಟ್ಟಿದೆ. ಒಂದು ಹೂ ಕಿತ್ತು ನಡುವೆ ನೋಡಿ. ಹಳದಿ ಪರಾಗಕೋಶಗಳು ಕೊಳವೆ ಥರ ನಿಂತಿರುತ್ತವೆ. ಅವುಗಳ ಮಧ್ಯದಿಂದ ಹಸಿರು ಕಡ್ಡಿಯಂಥ ಶಲಾಕೆಯ (ಪರಾಗ ಹತ್ತಬೇಕಾದ ಹೆಣ್ಣು ಭಾಗ) ತುದಿ ಹೊರಗೆ ಇಣುಕುತ್ತಿದ್ದರೆ ಆ ಹೂ ಕಾಯಿಯಾಗಬಲ್ಲದು. ತುದಿ ಒಳಗೇ ಕುಳ್ಳಗೆ ಅಡಗಿದ್ದರೆ ಎಷ್ಟು ದುಂಬಿ ಬಂದರೂ ಆ ಹೂ ಉದುರುವುದೇ ಜಾಸ್ತಿ. ಒಂದೇ ಗಿಡದಲ್ಲಿ ಎರಡೂ ಬಗೆ ಇರುತ್ತವೆ. ಹತ್ತು ಹೂ ನೋಡಿ ಎಂಟು ಕುಳ್ಳಗಿದ್ದರೆ ಜೇನನ್ನು ಬೈಯಬೇಡಿ, ಗಿಡದ ನೀರು ಗೊಬ್ಬರ ನೋಡಿ.

ಸೆಖೆಯೂ ಹಾಗೇ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದೆ ಹೋದರೆ ಟೊಮೆಟೊದ ಪರಾಗವೇ ಕೈಕೊಡುತ್ತದೆ. ಸಾರಜನಕದ ಗೊಬ್ಬರ ಅತಿಯಾದರೆ ಎಲೆ ಸೊಂಪಾಗುತ್ತದೆ, ಹೂ ಹಿಂದೆ ಬೀಳುತ್ತದೆ. ಸೇಬಿನ ಬಹುತೇಕ ತಳಿಗಳಿಗೆ ಬೇರೆ ತಳಿಯ ಪರಾಗವೇ ಬೇಕು. ಒಂದೇ ತಳಿಯ ಮರಗಳನ್ನು ಸಾಲಾಗಿ ನೆಟ್ಟು ಜೇನು ಕಾಯುತ್ತಾ ಕೂತರೆ ಅದು ಎಲ್ಲಿಂದ ತಂದೀತು?

ಮೂರು ಬಣ್ಣದ ದಾರ

ಊಹೆ ಬಿಟ್ಟು ಪರೀಕ್ಷೆ ಮಾಡುವ ಜಾಗ ಇದು. ಖರ್ಚಿಲ್ಲ. ಬೇಕಾಗಿರುವುದು ಮೂರು ಬಣ್ಣದ ದಾರ, ತೆಳ್ಳನೆಯ ಬಲೆ ಬಟ್ಟೆ, ಹದಿನೈದು ದಿನದ ತಾಳ್ಮೆ.

ಕುಂಬಳವನ್ನೇ ತಗೊಳ್ಳಿ. ನಾಳೆ ಅರಳುವ ಹೆಣ್ಣು ಮೊಗ್ಗು ಇವತ್ತು ಸಂಜೆಗೇ ಗೊತ್ತಾಗುತ್ತದೆ: ತುದಿ ಹಳದಿಗೆ ತಿರುಗಿರುತ್ತದೆ, ಇನ್ನೂ ಬಿಗಿಯಾಗಿ ಮುಚ್ಚಿರುತ್ತದೆ. ಅಂಥ ಮೊಗ್ಗುಗಳನ್ನು ಮೂರು ಗುಂಪು ಮಾಡಿ, ಗುಂಪಿಗೆ ಹತ್ತರಂತೆ. ಒಂದೇ ದಿನ ಅಷ್ಟು ಸಿಗುವುದಿಲ್ಲ, ದಿನ ಬಿಟ್ಟು ದಿನ ಸೇರಿಸುತ್ತಾ ಹೋಗಿ.

ಕೆಂಪು ದಾರದವಕ್ಕೆ ಬಲೆ ಚೀಲ ಕಟ್ಟಿ, ಯಾವ ಕೀಟವೂ ಒಳಗೆ ಹೋಗಬಾರದು. ಬಿಳಿ ದಾರದವನ್ನು ಹಾಗೇ ಬಿಡಿ. ಹಳದಿ ದಾರದವನ್ನೂ ತೆರೆದೇ ಬಿಡಿ, ಆದರೆ ಬೆಳಗ್ಗೆ ಹೂ ಅರಳಿದ ಕೂಡಲೇ ಬೇರೆ ಹೂವಿನ ಪರಾಗವನ್ನು ನೀವೇ ಹಚ್ಚಿ.

ಒಂದು ಎಚ್ಚರ. ಮೂರೂ ಬಣ್ಣ ಎಲ್ಲ ಬಳ್ಳಿಗಳಲ್ಲೂ ಹಂಚಿರಲಿ. ಬಳ್ಳಿಯಲ್ಲಿ ಆಗಲೇ ಎರಡು ಕಾಯಿ ಬಲಿಯುತ್ತಿದ್ದರೆ ಅದು ಹೊಸ ಹೀಚನ್ನು ತಾನೇ ಉದುರಿಸುತ್ತದೆ. ಅಂಥ ಬಳ್ಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಮೊದಲ ಸಲ ಮಾಡಿದಾಗ ಹಳದಿ ದಾರವನ್ನೆಲ್ಲ ಒಂದೇ ಬಳ್ಳಿಗೆ ಕಟ್ಟಿ ಎರಡು ವಾರ ಹಾಳು ಮಾಡಿಕೊಂಡೆ.

ಹತ್ತು ದಿನದ ಮೇಲೆ ಎಣಿಸಿ. ಕೆಂಪು ದಾರದ್ದೆಲ್ಲ ಉದುರಿರಬೇಕು. ಉದುರದೆ ಕಾಯಿಯಾಗಿದ್ದರೆ ಚೀಲ ಸರಿಯಾಗಿ ಕಟ್ಟಿಲ್ಲ, ಇಲ್ಲವೇ ನಿಮ್ಮದು ಪರಾಗಸ್ಪರ್ಶವೇ ಬೇಡದ ತಳಿ. ಕೆಲವು ಸೌತೆ ತಳಿಗಳು ಹಾಗಿವೆ. ಹಳದಿಯೂ ಬಿಳಿಯೂ ಎರಡೂ ಉದುರಿದ್ದರೆ ದೋಷ ಗಿಡದಲ್ಲೇ ಇದೆ, ಹಿಂದಿನ ಭಾಗಕ್ಕೆ ವಾಪಸ್ ಹೋಗಿ. ಎರಡೂ ಒಂದೇ ಸಮ ನಿಂತಿದ್ದರೆ ಪರಾಗ ಸಾಕಷ್ಟು ತಲುಪುತ್ತಿದೆ. ಹಳದಿ ನಿಂತು ಬಿಳಿ ಉದುರಿದ್ದರೆ ಮಾತ್ರ ಪರಾಗ ಸಾಗಿಸುವವರ ಕೊರತೆ. ನನ್ನ ಪಾತಿಯಲ್ಲಿ ಹಳದಿ ಹತ್ತರಲ್ಲಿ ಎಂಟು ನಿಂತವು. ಬಿಳಿ ಎರಡು. ಪೆಟ್ಟಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಾಗಲೇ ಈ ಲೆಕ್ಕ.

ಹೂವಿನ ಮುಂದೆ ಹತ್ತು ನಿಮಿಷ

ಈಗ ಯಾರು ಬರುತ್ತಾರೆ ಅಂತ ನೋಡಬೇಕು. ಸರಿಯಾದ ಹೊತ್ತಿಗೆ ಹೋಗುವುದೇ ಅರ್ಧ ಕೆಲಸ. ಕುಂಬಳ ಬೆಳಕು ಹರಿಯುವಾಗ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಸೋರೆಯ ಬಿಳಿ ಹೂ ಅರಳುವುದು ಸಂಜೆ, ಅದಕ್ಕೆ ಇರುಳಿನ ಪತಂಗಗಳೂ ಬೇಕು. ಬೆಳಗ್ಗೆ ಹತ್ತಕ್ಕೆ ಸೋರೆ ಬಳ್ಳಿ ಮುಂದೆ ನಿಂತು "ಒಂದೂ ಜೇನಿಲ್ಲ" ಅಂದರೆ ಅಂಗಡಿ ಮುಚ್ಚಿದ ಮೇಲೆ ಗಿರಾಕಿ ಇಲ್ಲ ಅಂದ ಹಾಗೆ.

ಸೋರೆಗೆ ಸಂಬಂಧಪಟ್ಟು ಇನ್ನೊಂದು ಮಾತು. ಬಳ್ಳಿಯ ಮೇಲೆ ರಾತ್ರಿಯಿಡೀ ಬೀದಿ ದೀಪ ಬೀಳುತ್ತಿದೆಯಾ ನೋಡಿ. 2017ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ಹುಲ್ಲುಗಾವಲಿಗೆ ದೀಪ ಹಾಕಿ ಪರೀಕ್ಷಿಸಿದ್ದರು. ದೀಪದ ಕೆಳಗಿನ ಹೂಗಳಿಗೆ ಇರುಳ ಕೀಟಗಳ ಭೇಟಿ ಶೇ 62ರಷ್ಟು ಕಡಿಮೆಯಾಯಿತು. ಅಲ್ಲಿನ ಒಂದು ಮುಳ್ಳುಗಿಡದಲ್ಲಿ ಹಗಲು ಜೇನು ಬರುತ್ತಿದ್ದರೂ ಕಾಯಿ ಶೇ 13 ಕಮ್ಮಿಯಾಯಿತು.

ಗಾಳಿ ಇಲ್ಲದ, ಬಿಸಿಲಿರುವ ದಿನ ಆರಿಸಿ. ಹತ್ತು ನಿಮಿಷ ಅಲ್ಲಾಡದೆ ಕೂತು, ಬಂದವರನ್ನು ಬರೆದುಕೊಳ್ಳಿ. ವೈಜ್ಞಾನಿಕ ಹೆಸರು ಬೇಡ. "ಸಣ್ಣ ಕಪ್ಪು", "ದೊಡ್ಡ ಕರಿ ದುಂಬಿ", "ನೀಲಿ ಪಟ್ಟೆ", "ಸಾಕುಜೇನು" ಅಂತಿದ್ದರೆ ಸಾಕು. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನುಗಳಿವೆ. ಪೆಟ್ಟಿಗೆಯಲ್ಲಿ ಸಾಕುವುದು ಅದರಲ್ಲಿ ಬೆರಳೆಣಿಕೆಯವು. ಉಳಿದವುಗಳಲ್ಲಿ ಹೆಚ್ಚಿನವು ಒಂಟಿ ಜೇನು: ರಾಣಿ ಇಲ್ಲ, ಆಳುಗಳಿಲ್ಲ, ಜೇನುತುಪ್ಪದ ದಾಸ್ತಾನಿಲ್ಲ. ಒಂದು ಹೆಣ್ಣು ತಾನೇ ಗೂಡು ತೋಡಿ, ತಾನೇ ಪರಾಗ ತಂದು, ತಾನೇ ಮೊಟ್ಟೆ ಇಟ್ಟು ಮುಗಿಸುತ್ತದೆ.

ಹೂನೊಣವನ್ನು ಜೇನು ಅಂತ ಬರೆದುಕೊಳ್ಳಬೇಡಿ. ಅದಕ್ಕೂ ಹಳದಿ ಕಪ್ಪು ಪಟ್ಟೆ ಇರುತ್ತದೆ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಆದರೆ ರೆಕ್ಕೆ ಎರಡೇ, ಮೀಸೆ ಮೋಟು, ಮುಖವೆಲ್ಲ ಕಣ್ಣು. ಜೇನಿಗೆ ರೆಕ್ಕೆ ನಾಲ್ಕು, ಮೀಸೆ ಉದ್ದ.

ಬರುತ್ತಾರೆ, ಆದರೆ ಕೆಲಸ ಆಗುತ್ತಿಲ್ಲ

ಹೂವಿನ ಮೇಲೆ ಜೇನು ಕಂಡರೆ ಪರಾಗಸ್ಪರ್ಶ ಆಯಿತು ಅಂತಲ್ಲ. ಬೇಕಿದ್ದರೆ ಟೊಮೆಟೊ ನೋಡಿ. ಅದರ ಪರಾಗ ಕೊಳವೆಯ ಒಳಗಿರುತ್ತದೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪಿದ್ದ ಹಾಗೆ. ಅಲ್ಲಾಡಿಸಿದರೇ ಉದುರುವುದು. ನೀಲಿ ಪಟ್ಟೆಯ ಜೇನು, ಮರ ಕೊರೆಯುವ ಕರಿ ದುಂಬಿ ಇವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತವೆ. ಜುಂಯ್ ಅಂತ ಚಿಕ್ಕ, ಚೂಪು ಸದ್ದು ಬರುತ್ತದೆ. ಹಾರುವಾಗಿನ ಸದ್ದಿಗಿಂತ ಅದು ಬೇರೆಯೇ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಸಾಕುಜೇನಿಗೆ ಈ ವಿದ್ಯೆ ಬರುವುದಿಲ್ಲ. ಬದನೆಯ ಕಥೆಯೂ ಇದೇ. ಹಾಗಾಗಿ ಟೊಮೆಟೊ, ಬದನೆಗೆ ಅಂತ ಜೇನು ಪೆಟ್ಟಿಗೆ ಇಡುವುದು ಬೀಗಕ್ಕೆ ಸೇರದ ಕೀಲಿ ತಂದಂತೆ. ಬಲೆ ಮನೆಯಲ್ಲಿ ಗಾಳಿಯೂ ಇಲ್ಲದಿದ್ದರೆ ಹೂಗೊಂಚಲಿನ ತೊಟ್ಟಿಗೆ ಎಲೆಕ್ಟ್ರಿಕ್ ಟೂತ್‌ಬ್ರಶ್ ತಾಗಿಸಿ ನೋಡಿ. ಮುಂದಿನ ಗೊಂಚಲು ತುಂಬಿದರೆ ರೋಗ ಪತ್ತೆಯಾಯಿತು.

ಕಳ್ಳರೂ ಇದ್ದಾರೆ. ಉದ್ದ ಕೊಳವೆಯ ಹೂಗಳಲ್ಲಿ ಕರಿ ದುಂಬಿ ಬಾಗಿಲಿಗೆ ಬರದೆ, ಬುಡದಲ್ಲಿ ಸೀಳಿ ಮಕರಂದ ಹೀರುತ್ತದೆ. ಹೂವಿನ ಬುಡದಲ್ಲಿ ಕಂದು ಅಂಚಿನ ಸಣ್ಣ ಸೀಳು ಕಂಡರೆ ಅದೇ ಗುರುತು. ಅದೇ ದುಂಬಿ ಪ್ಯಾಶನ್ ಹಣ್ಣಿನ ಹೂವಿಗೆ ಬಂದರೆ ಬೆನ್ನಿಗೆ ಪರಾಗ ಬಳಿದುಕೊಂಡು ಸಾಗಿಸುವ ಮುಖ್ಯ ಕೆಲಸಗಾರ. ಅಲ್ಲಿ ಪುಟ್ಟ ಸಾಕುಜೇನು ಶಲಾಕೆಗೆ ಮೈ ತಾಗದಂತೆ ಪರಾಗ ಬಾಚಿಕೊಂಡು ಹೋಗುತ್ತದೆ. ಯಾರು ಒಳ್ಳೆಯವರು ಅನ್ನುವುದು ಹೂವಿನ ಮೇಲೆ ನಿಂತಿದೆ.

ಒಂದೇ ಬಗೆ ಬರುತ್ತಿದೆ

ಪುಸ್ತಕದಲ್ಲಿ "ಸಾಕುಜೇನು, ಸಾಕುಜೇನು, ಸಾಕುಜೇನು" ಅಂತಲೇ ಇದೆಯಾ? ಸದ್ಯಕ್ಕೆ ನಡೆಯುತ್ತದೆ, ಆದರೆ ಒಂಟಿ ಕಾಲಿನ ಮೇಲೆ ನಿಂತಂತೆ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಕಾಫಿ ತೋಟಗಳ ಬಗ್ಗೆ 2003ರಲ್ಲಿ ಒಂದು ಅಧ್ಯಯನ ಬಂತು. ಮೂರೇ ಬಗೆಯ ಜೇನು ಬಂದ ಕಡೆ ಸುಮಾರು ಶೇ 60 ಹೂ ಕಾಯಿ ಕಚ್ಚಿದ್ದವು. 20 ಅಥವಾ ಹೆಚ್ಚು ಬಗೆ ಬಂದ ಕಡೆ ಶೇ 90. ಒಟ್ಟು ಎಷ್ಟು ಜೇನು ಬಂದವು ಅನ್ನುವುದರಿಂದ ಈ ವ್ಯತ್ಯಾಸ ಬಂದದ್ದಲ್ಲ, ಎಷ್ಟು ಬಗೆ ಬಂದವು ಅನ್ನುವುದರಿಂದ. 2013ರಲ್ಲಿ ಜಗತ್ತಿನ 41 ಬೆಳೆ ವ್ಯವಸ್ಥೆಗಳನ್ನು ಒಟ್ಟಿಗೆ ನೋಡಿದವರಿಗೂ ಇಂಥದ್ದೇ ಕಂಡಿತು: ಕಾಡು ಕೀಟಗಳ ಭೇಟಿ ಹೆಚ್ಚಿದಾಗ ಕಾಯಿ ಕಚ್ಚುವುದು ಸಾಕುಜೇನಿನ ಭೇಟಿ ಹೆಚ್ಚಿದಾಗಿನದಕ್ಕಿಂತ ಎರಡು ಪಟ್ಟು ಏರಿತ್ತು.

ಯಾಕೆ ಹೀಗೆ ಅಂತ ತೋಟದಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತದೆ. ಒಬ್ಬರು ಬೆಳಗಿನ ಚಳಿಯಲ್ಲಿ ಬರುತ್ತಾರೆ, ಇನ್ನೊಬ್ಬರು ಬಿಸಿಲು ಏರಿದ ಮೇಲೆ. ಒಬ್ಬರಿಗೆ ಮೇಲಿನ ಹೂ, ಇನ್ನೊಬ್ಬರಿಗೆ ಎಲೆ ಮರೆಯ ಹೂ. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲಿ ಗಾಳಿ ಜೋರಾದಾಗ ಸಾಕುಜೇನು ಹೂವಿಗೆ ಬರುವುದು ನಿಂತರೂ ಕಾಡುಜೇನುಗಳು ಕೆಲಸ ಬಿಟ್ಟಿರಲಿಲ್ಲ.

ಯಾರೂ ಬರುತ್ತಿಲ್ಲ: ಮನೆ ಹುಡುಕಿ

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಹೂಗಿಡ ನೆಡಲು ಓಡುತ್ತಾರೆ. ನೆಡಿ, ಬೇಡ ಅನ್ನುವುದಿಲ್ಲ. ಬೆಳೆಯ ಹೂ ಮೂರು ವಾರಕ್ಕೆ ಮುಗಿಯುತ್ತದೆ, ಜೇನಿಗೆ ಅದರ ಹಿಂದೆ ಮುಂದೆಯೂ ಮೇವು ಬೇಕು. ಬದುವಿನ ಕಳೆ ಹೂವನ್ನು ಸುಮ್ನೆ ಬಿಟ್ಟರೂ ಅರ್ಧ ಕೆಲಸ ಆಗುತ್ತದೆ. ಆದರೆ ಊಟ ಇದ್ದು ಮನೆ ಇಲ್ಲದ ಊರಲ್ಲಿ ಯಾರಿರುತ್ತಾರೆ?

ಜೇನುಗಳಲ್ಲಿ ಹತ್ತಕ್ಕೆ ಏಳರಷ್ಟು ಬಗೆ ಗೂಡು ಮಾಡುವುದು ನೆಲದಲ್ಲಿ. ಮರದಲ್ಲಲ್ಲ, ಪೆಟ್ಟಿಗೆಯಲ್ಲಲ್ಲ, ಮಣ್ಣಿನಲ್ಲಿ. ಅವಕ್ಕೆ ಬೇಕಾದದ್ದು ನಾವು ಪಾಳು ಅನ್ನುವ ಜಾಗ: ಬಿಸಿಲು ಬೀಳುವ, ನೀರು ನಿಲ್ಲದ, ಹುಲ್ಲು ವಿರಳವಾದ, ಯಾರೂ ಅಗೆಯದ ಬೋಳು ನೆಲ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಂಥ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ಪೆನ್ಸಿಲ್ ದಪ್ಪದ, ಕೆಲವೊಮ್ಮೆ ಅದಕ್ಕಿಂತ ಸಣ್ಣ ತೂತು. ಸುತ್ತ ಪುಡಿ ಮಣ್ಣಿನ ಪುಟ್ಟ ಗುಡ್ಡೆ. ಇರುವೆ ಗೂಡು ಅಂತ ಮುಂದೆ ಹೋಗಬೇಡಿ. ಇರುವೆಯಾದರೆ ಸಾಲು ಸಾಲಾಗಿ ಓಡಾಟ ಇರುತ್ತದೆ. ಇಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೂತಿನ ಬಾಯಲ್ಲಿ ಒಂದು ಕಪ್ಪು ಮುಖ. ಇಣುಕುತ್ತದೆ, ನಿಮ್ಮ ನೆರಳು ಅಲ್ಲಾಡಿದರೆ ಒಳಗೆ ಸರಿಯುತ್ತದೆ. ಮತ್ತೆ ಬರುತ್ತದೆ, ಹೊರಬಿದ್ದು ತೂತಿನ ಮುಂದೆ ಅತ್ತಿತ್ತ ಎರಡು ಸುತ್ತು ಹಾರಿ ಜಾಗದ ಗುರುತು ಹಿಡಿಯುತ್ತದೆ, ಹೋಗುತ್ತದೆ. ವಾಪಸ್ ಬಂದಾಗ ಹಿಂಗಾಲಿನಲ್ಲಿ ಹಳದಿ ಹಿಟ್ಟು ಮೆತ್ತಿರುತ್ತದೆ. ಅದು ಹೂವಿನಿಂದ ಬಂದದ್ದು. ಆ ಹೂ ನಿಮ್ಮದೇ ಇರಬಹುದು.

ನನ್ನ ತೋಟದ ಕಾಲುದಾರಿಯಲ್ಲಿ ಇಂಥ ತೂತುಗಳಿದ್ದವು. ಇರುವೆ ಅಂದುಕೊಂಡಿದ್ದೆ. ಕಳೆ ಬರದಿರಲಿ ಅಂತ ದಾರಿಗೆಲ್ಲ ಕರಿ ಶೀಟು ಹಾಸಿದೆ, ಅಂಚಿಗೆ ಕಲ್ಲು ಇಟ್ಟೆ. ನೋಡಲು ಬಹಳ ಚೊಕ್ಕಟವಾಯಿತು. ಮುಂದಿನ ಹಂಗಾಮಿನಲ್ಲೇ ಕುಂಬಳದ ಹೀಚು ಉದುರಲು ಶುರುವಾದದ್ದು. ಎರಡನ್ನೂ ಸೇರಿಸಿ ನೋಡಲು ನನಗೆ ಪೂರ್ತಿ ಎರಡು ವರ್ಷ ಬೇಕಾಯಿತು, ಅಲ್ವಾ ದಡ್ಡತನ!

ಆದ್ದರಿಂದ ಕಳೆದ ಒಂದೆರಡು ವರ್ಷದಲ್ಲಿ ನೆಲಕ್ಕೆ ಏನು ಮಾಡಿದ್ದೀರಿ ಅಂತ ಪಟ್ಟಿ ಮಾಡಿ. ಮಲ್ಚಿಂಗ್ ಶೀಟು, ಕಾಂಕ್ರೀಟು, ಹೊಸ ಹುಲ್ಲುಹಾಸು, ಬದು ಕಡಿದು ಉತ್ತದ್ದು. ಎಷ್ಟೋ ಬಗೆಯ ಮರಿಗಳು ನೆಲದ ಮೇಲ್ಪದರದಲ್ಲೇ ಇರುತ್ತವೆ, ಆಳದ ಉಳುಮೆ ಅವುಗಳನ್ನು ಮೇಲೆಬ್ಬಿಸಿ ಮುಗಿಸುತ್ತದೆ. ಸಣ್ಣ ಒಂಟಿ ಜೇನು ಗೂಡಿನಿಂದ ಕೆಲವು ನೂರು ಮೀಟರಿನೊಳಗೇ ಓಡಾಡುತ್ತದೆ, ಹಾಗಾಗಿ ದೂರದ ಗುಡ್ಡದಲ್ಲಿ ಗೂಡಿದ್ದರೆ ನಿಮಗೆ ಉಪಯೋಗವಿಲ್ಲ. 2004ರಲ್ಲಿ ಪ್ರಕಟವಾದ ಕೋಸ್ಟರಿಕಾದ ಲೆಕ್ಕ ಇದಕ್ಕೆ ಹೊಂದುತ್ತದೆ: ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿನ ಕಾಫಿಯಲ್ಲಿ ಇಳುವರಿ ಶೇ 20 ಹೆಚ್ಚಿತ್ತು.

ಮಣ್ಣಲ್ಲದೆ ಬೇರೆ ಮನೆಗಳೂ ಇವೆ. ಒಣ ಕಾಂಡ, ಬಿದಿರು, ಹಳೆ ಮರದ ತೂತು. ಎಲೆಯ ಅಂಚಿನಲ್ಲಿ ಕತ್ತರಿ ಆಡಿಸಿದ ಹಾಗೆ ದುಂಡು ದುಂಡಾಗಿ ಕಚ್ಚು ಕಂಡರೆ ಸಂತೋಷಪಡಿ, ಎಲೆ ಕತ್ತರಿಸುವ ಜೇನು ಹತ್ತಿರದಲ್ಲೇ ಗೂಡು ಕಟ್ಟುತ್ತಿದೆ. ಹುಳು ತಿಂದಿದೆ ಅಂತ ಇದಕ್ಕೂ ಔಷಧಿ ಹೊಡೆಯುವವರಿದ್ದಾರೆ. ಮುಸ್ಸಂಜೆ ಒಣ ಹುಲ್ಲಿನ ಕಡ್ಡಿಗಳನ್ನೂ ನೋಡಿ. ನೀಲಿ ಪಟ್ಟೆಯ ಗಂಡು ಜೇನುಗಳು ದವಡೆಯಲ್ಲಿ ಕಡ್ಡಿ ಕಚ್ಚಿ, ಕಾಲು ಮಡಚಿ, ಸಾಲಾಗಿ ಜೋತು ನಿದ್ದೆ ಮಾಡುತ್ತವೆ. ಕಡ್ಡಿ ಕಿತ್ತು ಚೊಕ್ಕಟ ಮಾಡಿದರೆ ಅವುಗಳ ಹಾಸಿಗೆ ಹೋಯಿತು.

ಒಂಟಿ ಜೇನು ಗೂಡು ಕಟ್ಟಲಿ ಅಂತ ತೂತುಗಳಿಟ್ಟು ಮಾರುವ ಬೀ ಹೋಟೆಲ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಹೆಚ್ಚಿನವುಗಳ ತೂತು ಬೆರಳುದ್ದವೂ ಇರುವುದಿಲ್ಲ. ಈ ಜೇನುಗಳು ಹೆಣ್ಣು ಮೊಟ್ಟೆಯನ್ನು ಒಳಗೆ, ಗಂಡು ಮೊಟ್ಟೆಯನ್ನು ಬಾಗಿಲ ಕಡೆ ಇಡುತ್ತವೆ. ತೂತು ಗಿಡ್ಡವಾದರೆ ಗಂಡುಗಳೇ ಜಾಸ್ತಿಯಾಗುತ್ತವೆ, ಮುಂದಿನ ವರ್ಷ ಗೂಡು ಕಟ್ಟುವವರು ಯಾರು? ಮಾಡುವುದಾದರೆ 15 ಸೆಂಟಿಮೀಟರ್ ಆಳ, 3ರಿಂದ 10 ಮಿಲಿಮೀಟರ್ ಅಗಲದ ಬೇರೆ ಬೇರೆ ತೂತು, ಹಿಂಭಾಗ ಮುಚ್ಚಿರಲಿ, ಮಳೆ ನೀರು ತಾಗದಿರಲಿ. ಪ್ಲಾಸ್ಟಿಕ್ ಕೊಳವೆ ಬೇಡ, ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ.

ಪಟ್ಟಣದವರು ನಿರಾಶರಾಗಬೇಕಿಲ್ಲ. ಬ್ರಿಟನ್ನಿನಲ್ಲಿ ನಗರ, ಹೊಲ, ಮೀಸಲು ಪ್ರದೇಶ ಮೂರನ್ನೂ ಹೋಲಿಸಿ 2015ರಲ್ಲಿ ಬಂದ ಅಧ್ಯಯನದಲ್ಲಿ ಹೊಲಕ್ಕಿಂತ ನಗರದಲ್ಲೇ ಹೆಚ್ಚು ಬಗೆಯ ಜೇನು ಸಿಕ್ಕಿದ್ದವು. ಪಟ್ಟಣದಲ್ಲಿ ಕೊರತೆಯಾಗುವುದು ಸಾಮಾನ್ಯವಾಗಿ ಹೂವಿನದಲ್ಲ, ಕಾಂಕ್ರೀಟು ಮುಚ್ಚದ ನೆಲದ್ದು.

ಔಷಧಿಯ ದಿನಾಂಕ

ನೆಲ ಸರಿ ಇದೆ, ಹೂ ಸರಿ ಇದೆ, ಆದರೂ ಭೇಟಿ ಇದ್ದಕ್ಕಿದ್ದಂತೆ ನಿಂತಿದೆ. ಆಗ ಕ್ಯಾಲೆಂಡರ್ ತೆಗೆಯಿರಿ. ನೀವು ಹೊಡೆದದ್ದಷ್ಟೇ ಅಲ್ಲ, ಪಕ್ಕದವರು ಹೊಡೆದದ್ದೂ ಲೆಕ್ಕ. ಒಂದು ಪೆಟ್ಟಿಗೆಯಲ್ಲಿ ಸಾವಿರಾರು ಆಳು ಜೇನು, ನೂರು ಸತ್ತರೂ ಸಂಸಾರ ನಡೆಯುತ್ತದೆ. ಒಂಟಿ ಜೇನಿನ ಹೆಣ್ಣು ಜೀವಮಾನದಲ್ಲಿ ಇಡುವುದೇ ಒಂದೆರಡು ಡಜನ್ ಮೊಟ್ಟೆ. ಅದು ಸತ್ತರೆ ಗೂಡು ಅಲ್ಲಿಗೇ ನಿಂತಿತು.

ಗಿಡದೊಳಗೆ ಹರಿದು ಪರಾಗ, ಮಕರಂದಕ್ಕೂ ಸೇರುವ ಔಷಧಿಗಳನ್ನು ಜೇನು ಇಲ್ಲದ ಸಂಜೆ ಹೊತ್ತಲ್ಲಿ ಹೊಡೆದರೂ ಅವಕ್ಕೆ ಅಪಾಯ ತಪ್ಪುವುದಿಲ್ಲ, ಬೀಜಕ್ಕೆ ಲೇಪಿಸಿದ್ದರೂ ಅದೇ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಈ ಮೂರನ್ನು ತೆರೆದ ಹೊಲದಲ್ಲಿ ಬಳಸದಂತೆ ಯುರೋಪಿಯನ್ ಒಕ್ಕೂಟ 2018ರಲ್ಲಿ ತಡೆದದ್ದು ಜೇನುಗಳ ಕಾರಣಕ್ಕೇ. ಡಬ್ಬಿ ಮೇಲಿನ ಹೆಸರು ಬೇರೆ ಇರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ಕೀಟನಾಶಕಕ್ಕೆ ಶಿಲೀಂಧ್ರನಾಶಕ ಬೆರೆಸಿ ಒಂದೇ ಸಲ ಹೊಡೆಯುವ ಅಭ್ಯಾಸವನ್ನೂ ಬಿಡಿ. ಕೆಲವು ಜೋಡಿಗಳು ಸೇರಿದಾಗ ಜೇನಿಗೆ ವಿಷ ಇನ್ನಷ್ಟು ಏರುತ್ತದೆ.

ಸರಿಹೋಗುವವರೆಗೆ

ಶೀಟು ತೆಗೆದ ಮರುವಾರವೇ ಜೇನು ಬರುವುದಿಲ್ಲ. ಒಂಟಿ ಜೇನುಗಳಲ್ಲಿ ಎಷ್ಟೋ ಬಗೆಗೆ ವರ್ಷಕ್ಕೆ ಒಂದೇ ಪೀಳಿಗೆ. ನನ್ನ ಕಾಲುದಾರಿಯಲ್ಲಿ ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೇ ವರ್ಷ ಮೂರು ತೂತು. ದಾರದ ಪರೀಕ್ಷೆಯನ್ನು ಪ್ರತಿ ಹಂಗಾಮಿಗೂ ಮಾಡಿ, ಬಿಳಿ ದಾರದ ಲೆಕ್ಕ ಹಳದಿಯ ಹತ್ತಿರಕ್ಕೆ ಬರುತ್ತಿದೆಯಾ ನೋಡುತ್ತಿರಿ.

ಅಷ್ಟರವರೆಗೆ ಕುಂಬಳದ ಕೆಲಸ ನಿಮ್ಮದೇ. ಬೆಳಗ್ಗೆ ಬಿಸಿಲು ಏರುವ ಮೊದಲು ಹೊಸದಾಗಿ ಅರಳಿದ ಗಂಡು ಹೂ ಕೀಳಿ, ದಳ ಹರಿದು ಹಾಕಿ, ನಡುವಿನ ಕಡ್ಡಿಯನ್ನು ಬೆರಳಿಗೆ ತಾಗಿಸಿ. ಹಳದಿ ಹತ್ತಿದರೆ ಪರಾಗ ಸಿದ್ಧವಾಗಿದೆ. ಹೆಣ್ಣು ಹೂವಿನ ನಡುವೆ ಶಲಾಕೆಯ ತುದಿ ಹೋಳು ಹೋಳಾಗಿರುತ್ತದೆ. ಒಂದನ್ನೂ ಬಿಡದೆ ಎಲ್ಲ ಹೋಳಿಗೂ ಮೆಲ್ಲಗೆ ಹಚ್ಚಿ. ಒಂದೇ ಕಡೆ ಹಚ್ಚಿದರೆ ಕಾಯಿ ಸೊಟ್ಟ ಬರುತ್ತದೆ. ಹೂವಿನೊಳಗೆ ಆಗಲೇ ಯಾವುದಾದರೂ ಸಣ್ಣ ಕಪ್ಪು ಜೇನು ಹಿಟ್ಟು ಬಳಿದುಕೊಂಡು ಹೊರಳಾಡುತ್ತಿದ್ದರೆ ಮಾತ್ರ ಆ ಹೂ ಬಿಟ್ಟು ಮುಂದಿನದಕ್ಕೆ ಹೋಗಿ.